ಓದುವ ಜಗದೇವಿ, ಬರೆಯದ ಹೆಡ್‌ಮಾಸ್ತರರು

ನನ್ನ ಬೀಳ್ಕೊಡುಗೆ ಸಭೆಯಲ್ಲಿ ಮಾತನಾಡಿದವರು ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಸೇವಾ ಪುಸ್ತಕ ನೋಡಿ ಕ್ರಮವಾಗಿ ಓದಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಕೆಲಸವೂ ಇರಲಿಲ್ಲ. ಜೇವರ್ಗಿ, ಅಫಜಲಪುರ, ಆಳಂದ ತಾಲೂಕುಗಳ ಶಾಲೆಗಳಲ್ಲಿ ನಾನು ಮಕ್ಕಳಿಗೆ ಏನು ಮಾಡಿದೆ, ಏನು ಮಾಡದೆ ಹೋದೆ ಎಂಬುದನ್ನು ಬರೆದುಕೊಳ್ಳಲು ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಈಗಷ್ಟೇ ಕೆಲಸಕ್ಕೆ ಸೇರಿ, ಕೆಂಪು ಪೆನ್ನು ಹಿಡಿದು ತರಗತಿಗೆ ಹೋಗುತ್ತಿರುವ ಕಿರಿಯರಿಗಾಗಿ ಅದರ ಒಂದು ಭಾಗವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದು ಚೆನ್ನಾಗಿ ಓದಬಲ್ಲ, ಆದರೆ ಬರೆಯಲಾರದ ಒಬ್ಬ ಹುಡುಗಿಯ ಸಂಗತಿ. ಆಕೆಯ ಕೈ ಹಿಡಿದು ಮೇಲೆತ್ತಿದವಳು ನಾನು ಎಂದು ಅನೇಕರು ಹೇಳಿದ್ದಾರೆ. ಅವರಿಗೆ ಅರ್ಧ ಮಾತ್ರ ಗೊತ್ತು.

ನಾನು ಆಳಂದದ ಬಟ್ಟೆ ವ್ಯಾಪಾರಿಯೊಬ್ಬರ ಮಗಳು. ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಬಂದಾಗ ಕಾಲೇಜುಗಳಲ್ಲಿ ಕೆಲಸ ಸಿಗಲಿಲ್ಲ. ಅದಕ್ಕೂ ಮೊದಲು ಅಪ್ಪನ ಒತ್ತಾಯಕ್ಕೆ ಮಾಡಿಕೊಂಡಿದ್ದ ಟಿ.ಸಿ.ಎಚ್. ಶಿಕ್ಷಕ ತರಬೇತಿ ಕೈ ಹಿಡಿಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಜೇವರ್ಗಿ ತಾಲೂಕಿನ ಇಜೇರಿ ಕಡೆಯ ಹಳ್ಳಿಯೊಂದರ ಶಾಲೆಗೆ ಸೇರಿದೆ. ವಿಶ್ವವಿದ್ಯಾಲಯ ನನಗೆ ಒಂದೇ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕಲಿಸಿ ಕಳಿಸಿತ್ತು: ಇದಕ್ಕೆ ಯಾರು ಹೊಣೆ? ಬಿರುಕು ಬಿಟ್ಟ ಗೋಡೆಗೆ ಯಾರು ಹೊಣೆ, ದೀಪಾವಳಿ ಕಳೆದರೂ ಬಾರದ ಪಠ್ಯಪುಸ್ತಕಕ್ಕೆ ಯಾರು ಹೊಣೆ, ಸೋಮವಾರ ಬಂದು ವಾರದ ಆರೂ ದಿನಗಳ ಸಹಿ ಮಾಡಿ ಹೋಗುವ ಸಹೋದ್ಯೋಗಿಗೆ ಯಾರು ಹೊಣೆ ಎಂದು ಕಂಡಕಂಡವರನ್ನೆಲ್ಲ ಕೇಳಿದೆ. ಆ ಸಹೋದ್ಯೋಗಿಯ ಮೇಲೆ ಮೂರು ಪುಟದ ದೂರು ಬರೆದೆ. ಆದೇಶ ಬಂತು: ಅವರಿಗೂ ವರ್ಗ, ನನಗೂ ವರ್ಗ. ದೂರಿದವರನ್ನೂ ದೂರಿಸಿಕೊಂಡವರನ್ನೂ ಒಂದೇ ಹಾಳೆಯಲ್ಲಿ ಎತ್ತಿಹಾಕುವುದು ಆಗಿನ ನ್ಯಾಯ. ನನಗೆ ಅದರಿಂದ ಬುದ್ಧಿ ಬರಲಿಲ್ಲ, ಹೆಮ್ಮೆಯಾಯಿತು.

ಪ್ರಶ್ನೆ ತಪ್ಪಾಗಿರಲಿಲ್ಲ ಎಂದು ಇಂದಿಗೂ ನಂಬುತ್ತೇನೆ. ಅದನ್ನು ಯಾರಿಗೆ, ಎಲ್ಲಿ ನಿಂತು, ಏನನ್ನು ತಿಳಿದುಕೊಂಡ ಮೇಲೆ ಕೇಳಬೇಕು ಎಂಬುದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಎರಡನೆಯ ಶಾಲೆ ಅಫಜಲಪುರ ತಾಲೂಕಿನಲ್ಲಿತ್ತು. ಊರಿನ ಹೆಸರು ಬೇಡ. ಚೌಡಾಪುರದ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರ ಎಂದರೆ ಸಾಕು. ಅಲ್ಲಿನ ಹೆಡ್‌ಮಾಸ್ತರರು ಸಿದ್ರಾಮಪ್ಪನವರು. ನಿವೃತ್ತಿಗೆ ನಾಲ್ಕೈದು ವರ್ಷ ಬಾಕಿ ಇದ್ದ ಮನುಷ್ಯ. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಶಾಲೆಯ ಗಂಟೆಗಿಂತ ಮೊದಲೇ ಅಂಗಳದಲ್ಲಿ ಹಾಜರು. ಪ್ರಾರ್ಥನೆಯ ನಂತರ ಅವರು ದಿನಕ್ಕೊಂದು ವಚನವನ್ನು ಪುಸ್ತಕ ನೋಡಿ ಓದುತ್ತಿದ್ದರು. ಗದ್ದಲ ಮಾಡುವ ಮಕ್ಕಳೂ ಆ ಓದಿಗೆ ಬಾಯಿ ಮುಚ್ಚುತ್ತಿದ್ದರು. ಆದರೆ ಪೆನ್ನು ಹಿಡಿಯುವ ಯಾವ ಕೆಲಸವನ್ನೂ ಅವರು ತಾವಾಗಿ ಮಾಡುತ್ತಿರಲಿಲ್ಲ. ಮೇಲಿನವರಿಗೆ ಕಳಿಸುವ ಪತ್ರ, ತರಗತಿ ನೋಡಿ ಅಭಿಪ್ರಾಯ ಬರೆಯುವ ಶೆರಾ ಪುಸ್ತಕ, ತಿಂಗಳ ವರದಿ, ಎಲ್ಲವೂ ನನ್ನ ಪಾಲಿಗೆ ಬರುತ್ತಿದ್ದವು.

‘ಅಕ್ಕೋರ, ನಿಮ್ಮ ಅಕ್ಷರ ಮುತ್ತಿನಂಗ ಅವರಿ. ನಾ ಹೇಳ್ತೇನಿ, ನೀವು ಬರ್ಕೊಳ್ರಿ.’

ಮೊದಲ ಸಲ ಹಿಗ್ಗಿದೆ. ಹತ್ತನೆಯ ಸಲ ಸಿಟ್ಟಾದೆ. ಕರಿಹಲಗೆಯ ಮೇಲೆ ಬರೆಯಲೂ ಅವರು ಹುಡುಗರಲ್ಲಿ ಒಬ್ಬನನ್ನು ಕರೆಯುತ್ತಿದ್ದರು. ತನ್ನ ಕೆಲಸವನ್ನು ಕಿರಿಯರ ಹೆಗಲಿಗೆ ಹಾಕುವ ಮೈಗಳ್ಳ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ.

ಜಗದೇವಿ ಏಳನೆಯ ತರಗತಿಯಲ್ಲಿದ್ದಳು. ಅವಳ ಅಪ್ಪ ಭೀಮಶಾ ಚೌಡಾಪುರದ ರಸ್ತೆ ಬದಿಯಲ್ಲಿ ಚಹಾದ ಅಂಗಡಿ ಇಟ್ಟಿದ್ದ. ಗಾಣಗಾಪುರಕ್ಕೆ ಹೋಗುವ ಭಕ್ತರು ಅಲ್ಲಿ ಬಸ್ಸು ಕಾಯುತ್ತಿದ್ದರು. ಮಹಾರಾಷ್ಟ್ರದಿಂದ ಬಂದವರೂ ಇರುತ್ತಿದ್ದರು. ಅವಳು ಅವರಿಗೆ ಬಸ್ಸಿನ ಕನ್ನಡ ಬೋರ್ಡು ಓದಿ ಹೇಳುವಳು, ಅವರ ಕೈಯಲ್ಲಿನ ಮರಾಠಿ ಕಾಗದವನ್ನೂ ಓದುವಳು; ಮರಾಠಿಯನ್ನು ಯಾರೂ ಕಲಿಸಿರಲಿಲ್ಲ, ನೋಡಿ ನೋಡಿ ಬಂದಿತ್ತು. ಬೆಳಿಗ್ಗೆ ಚಹಾಕ್ಕೆ ಬಂದವರಿಗೆ ಪೇಪರ್ ಓದುವುದೂ ಅವಳದೇ ಕೆಲಸ. ನನ್ನ ತರಗತಿಯಲ್ಲಿ ಮೊದಲ ದಿನ ಪಾಠ ಓದಲು ಎಬ್ಬಿಸಿದಾಗ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ದನಿ ಏರಬೇಕೋ ಅಲ್ಲಿ ಏರಿಸಿ, ವಾರ್ತೆ ಓದುವವರಂತೆ ಓದಿದಳು.

ಆಮೇಲೆ ನೋಟ್‌ಬುಕ್ಕು ತೆರೆದೆ. ಸಾಲು ಎಡದಲ್ಲಿ ಶುರುವಾಗಿ ಬಲಕ್ಕೆ ಹೋಗುತ್ತ ಗುಡ್ಡ ಹತ್ತಿತ್ತು. ಒತ್ತಕ್ಷರಗಳು ತಮ್ಮ ಅಕ್ಷರವನ್ನು ಬಿಟ್ಟು ಕೆಳಗಿನ ಸಾಲಿನಲ್ಲಿ ಹೋಗಿ ಕುಳಿತಿದ್ದವು. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಕೆಲವು ಕಡೆ ಪೆನ್ಸಿಲ್ ಒತ್ತಿ ಕಾಗದವೇ ತೂತಾಗಿತ್ತು. ಇಷ್ಟು ಓದಬಲ್ಲವಳು ಹೀಗೆ ಬರೆದರೆ ಅದಕ್ಕೆ ಒಂದೇ ಕಾರಣ, ಸೋಮಾರಿತನ. ಹಾಗೆಂದು ತಿಳಿದು, ಆ ಪುಟವನ್ನು ಹತ್ತು ಸಲ ಬರೆದುಕೊಂಡು ಬಾ ಎಂದೆ. ಮರುದಿನ ಅರ್ಧ ಪುಟ ತಂದಳು. ಪೆನ್ಸಿಲ್ ಹಿಡಿದು ಹಿಡಿದು ಬೆರಳು ಊದಿತ್ತು. ನಾನು ಬೆರಳನ್ನು ನೋಡಲಿಲ್ಲ, ಪುಟವನ್ನು ನೋಡಿದೆ. ಇಡೀ ತರಗತಿಗೆ ಕೇಳುವಂತೆ ಹೇಳಿದೆ:

‘ಬಾಯಿ ನೋಡಿದ್ರ ರೇಡಿಯೋ, ಕೈ ನೋಡಿದ್ರ ಸತ್ತ ಸೆಲ್ಲು!’

ಮಕ್ಕಳು ನಕ್ಕರು. ಸಂಜೆಯೊಳಗೆ ಅವಳಿಗೆ ಆ ಹೆಸರು ನಿಂತುಬಿಟ್ಟಿತು. ಕಬಡ್ಡಿ ಆಟದಲ್ಲಿ, ನೀರಿನ ಗಡಿಗೆಯ ಹತ್ತಿರ, ರಸ್ತೆಯಲ್ಲಿ, ಎಲ್ಲೆಲ್ಲೂ ‘ಏ ಸತ್ತ ಸೆಲ್ಲೂ’. ನೆನಪಿಡಿ ಕಿರಿಯರೇ, ಮಕ್ಕಳಿಗೆ ನಾವು ಕಲಿಸಿದ್ದು ಮರೆಯಬಹುದು, ನಾವು ಇಟ್ಟ ಹೆಸರು ಮರೆಯುವುದಿಲ್ಲ.

ದಸರೆಯ ಹೊತ್ತಿಗೆ ಭೀಮಶಾ ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿ ಚಹಾ ಕೊಟ್ಟ. ‘ಅಕ್ಕೋರ, ಒಂದ್ ಮಾತ್ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮಕಿ ಏಳನೇತ್ತ ಪಾಸ್ ಆಗ್ತಾಳೇನ್ರಿ?’

‘ಯಾಕ ಕೇಳ್ತೀರಿ?’

‘ಇಲ್ಲಿ ಏಳನೇತ್ತಕ್ಕ ಸಾಲಿ ಮುಗೀತದ. ಮುಂದ ಓದ್ಬೇಕಂದ್ರ ಅಫಜಲಪುರದ ಹೆಣ್ಮಕ್ಕಳ ಹಾಸ್ಟೆಲ್ದಾಗ ಇರ್ಬೇಕು. ದಿನಾ ಬಸ್ಸಿನಾಗ ಕಳಸೂದು ನನ್ ಕೈಲೆ ಆಗಂಗಿಲ್ಲ, ಅಕಿ ಅವ್ವಗೂ ಮನಸಿಲ್ಲ. ಪಾಸ್ ಆಗಿ ಸೀಟ್ ಸಿಕ್ತು, ಓದ್ಲಿ. ಇಲ್ಲಾ, ಒಲಿ ಮುಂದ ಕೂಡ್ಲಿ. ಎರಡನೇ ಸಲ ಕೂಡಸಂಗಿಲ್ರಿ, ಈಗ್ಲೇ ಹೇಳ್ತೇನಿ.’

ಅಂಗಡಿಯೊಳಗೆ ಜಗದೇವಿ ಕಪ್ಪು ತೊಳೆಯುತ್ತಿದ್ದಳು. ಕೈ ನಿಂತಿತ್ತು. ಏಳನೆಯದಕ್ಕೆ ಆಗ ಪಬ್ಲಿಕ್ ಪರೀಕ್ಷೆ. ಓದುವುದಕ್ಕೆ ಅಲ್ಲಿ ಅಂಕವೇ ಇರಲಿಲ್ಲ; ಇದ್ದದ್ದೆಲ್ಲ ಬರೆದದ್ದಕ್ಕೆ. ‘ಅಕಿ ಮನಸ್ಸು ಮಾಡಿದ್ರ ಆಗ್ತಾಳ’ ಎಂದು ಹೇಳಿ ಚಹಾ ಮುಗಿಸಿ ಬಂದೆ. ಹೊಣೆಯನ್ನು ಎಷ್ಟು ಸುಲಭವಾಗಿ ಹನ್ನೆರಡು ವರ್ಷದ ಹುಡುಗಿಯ ತಲೆಗೆ ಕಟ್ಟಿ ಬಂದೆ ಎಂಬುದು ಆಗ ಹೊಳೆಯಲಿಲ್ಲ.

ನವೆಂಬರಿನಲ್ಲಿ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ವಯಸ್ಸಿನಲ್ಲಿ ಸಿದ್ರಾಮಪ್ಪನವರಿಗಿಂತ ಬಹಳ ಚಿಕ್ಕವರು. ಶೆರಾ ಪುಸ್ತಕ ತಿರುವಿ ನೋಡಿ, ‘ಅಕ್ಷರ ಭಾಳ ಚಂದ ಅವ ಮಾಸ್ತರ’ ಎಂದರು. ಸಿದ್ರಾಮಪ್ಪನವರು ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಎದ್ದು ನಿಂತೆ.

‘ಅದು ನನ್ನ ಕೈಬರಹ ಸರ್. ಈ ಪುಸ್ತಕದಲ್ಲಿ ಮುಖ್ಯಗುರುಗಳು ತಮ್ಮ ಕೈಯಾರೆ ಬರೆದದ್ದು ಒಂದು ಸಾಲೂ ಇಲ್ಲ. ಕೆಲಸ ಅವರದು, ಮಾಡುವವಳು ನಾನು. ಇದಕ್ಕೆ ಯಾರು ಹೊಣೆ ಎಂಬುದನ್ನು ತಾವು ದಾಖಲಿಸಬೇಕು.’

ಸಾಹೇಬರು ನಕ್ಕು, ತಮ್ಮ ಕಿಸೆಯ ಪೆನ್ನನ್ನು ತೆಗೆದು ಚಾಚಿದರು. ‘ಹಿಡೀರಿ ಮಾಸ್ತರ. ಇವತ್ತಿನ ಪ್ರಾರ್ಥನಾ ಬಗ್ಗೆ ಎರಡು ಸಾಲು ನಮ್ಮ ಮುಂದ ಬರೀರಿ. ಅಲ್ಲಿಗೆ ಅಕ್ಕೋರದೂ ಸಮಾಧಾನ ಆಗ್ತದ.’

ಸಿದ್ರಾಮಪ್ಪನವರು ಪೆನ್ನು ಹಿಡಿದರು. ಹೆಬ್ಬೆರಳಿನ ತುದಿ ಬೆಳ್ಳಗಾಯಿತು. ಒಂದು ಅಕ್ಷರ ಬರೆದು ನಿಂತರು, ತುಟಿ ಅಲ್ಲಾಡಿಸಿದರು, ಇನ್ನೊಂದು ಬರೆದರು. ಬಾಗಿಲಲ್ಲಿ ಏಳನೆಯ ತರಗತಿಯ ಮಕ್ಕಳು ಇಣುಕುತ್ತಿದ್ದರು. ಎರಡು ಸಾಲಿಗೆ ಎಷ್ಟು ಹೊತ್ತು ಹಿಡಿಯಿತೋ, ಸಾಹೇಬರ ಚಹಾ ಆರಿಹೋಗಿತ್ತು. ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಅವರು ಗಹಗಹಿಸಿದರು.

‘ಇದೇನ್ರೀ ಮಾಸ್ತರ! ಒಂದನೇತ್ತದ ಹುಡುಗರು ಇದಕ್ಕಿಂತ ಚಂದ ಬರೀತಾವಲ್ರಿ!’

ನಾನೂ ನೋಡಿದೆ. ಸಾಲು ಗುಡ್ಡ ಹತ್ತಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ಬಿದ್ದಿದ್ದವು. ಇದು ಜಗದೇವಿಯ ಪುಟ. ಕಾಗದ, ಮಸಿ, ವಯಸ್ಸು ಬೇರೆ, ಪುಟ ಅದೇ. ಗೆದ್ದವಳಂತೆ ನಿಂತಿದ್ದ ನನಗೆ ಕೂರಲು ಕುರ್ಚಿ ಎಲ್ಲಿದೆ ಎಂಬುದೇ ತಿಳಿಯಲಿಲ್ಲ.

ಮಧ್ಯಾಹ್ನ ಜಗದೇವಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ತಾನಾಗಿ ಬಂದದ್ದು ಅದೇ ಮೊದಲು. ‘ಅಕ್ಕೋರ, ಹೆಡ್ ಸರದೂ ಸೆಲ್ಲು ಸತ್ತದೇನ್ರಿ?’

ಅದರಲ್ಲಿ ಕುಚೋದ್ಯ ಇರಲಿಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಾಗಿತ್ತು. ಬರೆಯಲು ಬಾರದಿದ್ದರೂ ಹೆಡ್‌ಮಾಸ್ತರ ಆಗಬಹುದೇ ಎಂಬ ಆಸೆ ಆ ಕಣ್ಣಲ್ಲಿತ್ತು.

ಶಾಲೆ ಬಿಟ್ಟ ಮೇಲೆ ಸಿದ್ರಾಮಪ್ಪನವರ ಕೋಣೆಗೆ ಹೋದೆ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಗಡಿಗೆಯಿಂದ ನೀರು ಕೊಟ್ಟು ಕೂಡಿಸಿದರು.

‘ನಾ ಕಲ್ತಿದ್ದು ಉರ್ದುದಾಗ್ರಿ ಅಕ್ಕೋರ. ನಿಜಾಮಂದು ಕಾಲ. ಸಾಲಿಗೆ ಹೋದ್ರ ಉರ್ದು, ಮನಿಗೆ ಬಂದ್ರ ಕನ್ನಡ. ನಮ್ಮವ್ವ ವಚನ ಹಾಡ್ತಿದ್ಳು, ಮಠದಾಗ ಪುರಾಣ ಓದ್ತಿದ್ರು. ಪುಸ್ತಕದಾಗ ಬೆರಳಿಟ್ಟು ನೋಡ್ಕೋತ ನೋಡ್ಕೋತ ಓದೂದು ಬಂತು. ಬರಿಯೂದು ಯಾರ್ ಕಲಸ್ತಾರ? ಉರ್ದು ಸಾಲಿ ಮಾಸ್ತರ ಆದೆ. ಆಮ್ಯಾಲ ನಿಜಾಮ ಹೋದ, ರಾಜ್ಯ ಬದಲಾತು, ಹುಕುಂ ಬಂತು: ಇನ್ ಮ್ಯಾಲ ಎಲ್ಲಾ ಕನ್ನಡದಾಗ. ಬಲದಿಂದ ಎಡಕ್ಕ ಓಡಿದ ಕೈ ಅದು. ಕಣ್ಣು ಹೊಳ್ಳಿದ್ವು, ಕೈ ಹೊಳ್ಳಲಿಲ್ಲ. ಕನ್ನಡ ಮಾಸ್ತರ ಕನ್ನಡ ಬರ್ಯಾಕ ಬರಂಗಿಲ್ಲಂತ ಯಾರ್ ಮುಂದ ಹೇಳ್ಲಿ? ನಾಚಿಕಿ. ಅದರಾಗೇ ಇಷ್ಟು ವರ್ಷ ತೆಗದೆ.’

‘ನನಗ ಯಾಕ ಹೇಳಲಿಲ್ರಿ ಸರ?’

‘ನೀವು ನನಗ ಎಲ್ಲಿ ಕೇಳೀರಿ ಅಕ್ಕೋರ? ನೀವು ಸಾಹೇಬ್ರಿಗೆ ಹೇಳೀರಿ.’

ನನ್ನ ಮೂವತ್ತು ವರ್ಷಗಳ ನೌಕರಿಯಲ್ಲಿ ಯಾವ ಮೇಲಧಿಕಾರಿಯೂ ಇದಕ್ಕಿಂತ ಗಟ್ಟಿಯಾದ ನೋಟೀಸನ್ನು ನನಗೆ ಕೊಟ್ಟಿಲ್ಲ.

ನಮ್ಮ ಸೀಮೆಯಲ್ಲಿ ಇಂಥ ಮಾಸ್ತರರು ಒಬ್ಬರಲ್ಲ. ಒಂದು ಲಿಪಿಯಲ್ಲಿ ಬೆಳೆದವರಿಗೆ ಇನ್ನೊಂದು ಲಿಪಿಯಲ್ಲಿ ಕಲಿಸಿ ಎಂದು ಹೇಳಿದವರು, ಕೈ ತಿದ್ದಿಕೊಳ್ಳಲು ಅವರಿಗೆ ಎಷ್ಟು ಕಾಲ, ಎಷ್ಟು ಸಹಾಯ ಕೊಟ್ಟರು? ಸಿದ್ರಾಮಪ್ಪನವರ ಪಾಲಿಗೆ ಬಂದದ್ದು ಒಂದು ಸುತ್ತೋಲೆ. ಅದಕ್ಕೆ ಯಾರು ಹೊಣೆ ಎಂದು ನಾನು ಕೇಳಬೇಕಾಗಿತ್ತು. ಅದರ ಬದಲು ಅವರನ್ನು ಮಕ್ಕಳ ಮುಂದೆ ನಿಲ್ಲಿಸಿದೆ.

ಜಗದೇವಿಯ ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟೆ. ಪುಟಗಳನ್ನು ತಿರುವಿ, ತೂತಾದಲ್ಲಿ ಬೆರಳಾಡಿಸಿ ಅವರು ಹೇಳಿದರು: ‘ಈ ಹುಡುಗಿ ಮೈಗಳ್ಳಿ ಅಲ್ರಿ. ಪೆನ್ಸಿಲ್ ಹಿಡದಾಗ ಅಕಿ ಉಗುರು ನೋಡೀರೇನು? ಬೆಳ್ಳಗಾಗ್ತಾವ. ಮೈಗಳ್ಳರು ಅಷ್ಟು ಗಟ್ಟಿ ಹಿಡಿಯಂಗಿಲ್ಲ.’

ಅವರ ಕಾರಣವೂ ಜಗದೇವಿಯ ಕಾರಣವೂ ಒಂದೇ ಆಗಿರಲಿಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ. ಅವಳಿಗೆ ಏಳು ವರ್ಷ ಕಲಿಸಿದ್ದರೂ ಬಂದಿರಲಿಲ್ಲ. ಅವಳಿಗೆ ಇದ್ದ ತೊಡಕಿಗೆ ಒಂದು ಹೆಸರಿದೆ ಎಂಬುದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರ ವಿಷಯದಲ್ಲೂ ಒಂದೇ ಆಗಿದ್ದದ್ದು ನನ್ನ ತಪ್ಪು.

ಮರುದಿನ ಅವರು ಚೀಲದಿಂದ ಒಂದು ತಖ್ತಿ ತೆಗೆದರು. ಉರ್ದು ಶಾಲೆಗಳಲ್ಲಿ ಮಕ್ಕಳು ಅಕ್ಷರ ತಿದ್ದುತ್ತಿದ್ದ, ಹಿಡಿಕೆಯಿರುವ ಕಟ್ಟಿಗೆಯ ಹಲಗೆ ಅದು. ಮೇಲೆ ಬಿಳಿಮಣ್ಣು ಬಳಿದು ಒಣಗಿಸಿ, ಜೊಂಡಿನ ಕಲಮಿನಿಂದ ಕಪ್ಪು ಮಸಿಯಲ್ಲಿ ಬರೆಯುವುದು. ತೊಳೆದು ಮತ್ತೆ ಬಳಿಯುವುದು. ‘ರೊಟ್ಟಿಯಷ್ಟು ದೊಡ್ಡದು ಬರಿ ಬೇ’ ಎಂದರು ಜಗದೇವಿಗೆ. ‘ಸಣ್ಣದು ಆಮ್ಯಾಲ ನೋಡೂಣು.’ ಅವಳು ಎಂದಿನಂತೆ ಒತ್ತಿದಳು. ಕಲಮು ಲಟಕ್ಕನೆ ಮುರಿಯಿತು. ಹುಡುಗಿ ಹೆದರಿ ನನ್ನ ಮುಖ ನೋಡಿದಳು. ಅವರು ಚಾಕು ತೆಗೆದು ಇನ್ನೊಂದು ಕೆತ್ತಿಕೊಟ್ಟರು. ನಾಲ್ಕು ಕಲಮು ಮುರಿದ ಮೇಲೆ ಕೈ ಹಗುರಾಯಿತು. ಒತ್ತಬೇಡ ಎಂದು ನಾನು ನೂರು ಸಲ ಹೇಳಿದ್ದನ್ನು ಆ ಜೊಂಡು ನಾಲ್ಕು ಸಲಕ್ಕೆ ಕಲಿಸಿತು.

ಇನ್ನೊಂದು ದಾರಿಯನ್ನೂ ಅವರು ತೋರಿಸಿದರು; ತಾವೇ ಅದರಲ್ಲಿ ನಡೆದು ಬದುಕಿದವರಲ್ಲವೇ? ‘ಮೊದಲ ಬಾಯಿಲೆ ಪೂರಾ ಹೇಳು. ಹೇಳಿದ್ದನ್ನ ಕಿವಿಯಾಗ ಇಟ್ಕೊಂಡು ಬರಿ. ನೋಡಿ ಬರೀಬ್ಯಾಡ.’ ನಾನು ಹತ್ತು ಸಲ ನೋಡಿ ಬರೆಯಲು ಕೊಟ್ಟಿದ್ದೆನಲ್ಲ, ಅದು ಅವಳಿಗೇಕೆ ನರಕವಾಗಿತ್ತು ಎಂಬುದು ಆಗ ತಿಳಿಯಿತು. ಪ್ರತಿ ಅಕ್ಷರಕ್ಕೂ ಕಣ್ಣು ಪುಸ್ತಕಕ್ಕೆ ಹೋಗಿ ಬರುವಷ್ಟರಲ್ಲಿ ಕೈ ತನ್ನ ಜಾಗ ಮರೆಯುತ್ತಿತ್ತು.

ಇದೆಲ್ಲ ನಡೆದದ್ದು ಬರಿ ಮೂರು ವಾರ. ಅಷ್ಟರಲ್ಲಿ ತಪಾಸಣೆಯ ಫಲ ಬಂತು. ಕರ್ತವ್ಯದಲ್ಲಿ ಉಪೇಕ್ಷೆಗಾಗಿ ಏಕೆ ಕ್ರಮ ಕೈಗೊಳ್ಳಬಾರದು ಎಂಬ ನೋಟೀಸು. ಸಿದ್ರಾಮಪ್ಪನವರು ಸ್ವಹಸ್ತದಿಂದ ಉತ್ತರಿಸಬೇಕು. ನಾನು ಕಾಗದ ತೆಗೆದುಕೊಂಡು ಓಡಿದೆ. ‘ಸರ, ನೀವು ಹೇಳ್ರಿ, ನಾ ಬರೀತೇನಿ.’

‘ಬ್ಯಾಡ್ರಿ ಅಕ್ಕೋರ’ ಎಂದು ನಕ್ಕರು. ‘ಇದು ಬಂದಿದ್ದೇ ನೀವು ಬರದದ್ದಕ್ಕ ಅಲ್ಲೇನ್ರಿ?’

ತಾವೇ ಬರೆದರು. ಒಂದು ಪುಟಕ್ಕೆ ಎರಡು ದಿನ ಹಿಡಿಯಿತು. ನನ್ನ ದೂರನ್ನು ಹಿಂತೆಗೆದುಕೊಳ್ಳುತ್ತೇನೆಂದು ನಾನೂ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ. ಡಿಸೆಂಬರ್ ಮುಗಿಯುವ ಮೊದಲೇ ಅವರನ್ನು ಆಳಂದ ತಾಲೂಕಿನ ಹಿರೋಳ್ಳಿ ಕಡೆಗೆ, ಮಹಾರಾಷ್ಟ್ರದ ಗಡಿಯ ಶಾಲೆಯೊಂದಕ್ಕೆ ಸಹಶಿಕ್ಷಕರನ್ನಾಗಿ ಕಳಿಸಿದರು. ವಯಸ್ಸಾದ ಶಿಕ್ಷಕನ ಕೈಬರಹ ನೋಡಿ ಮಕ್ಕಳೆದುರು ನಕ್ಕ ಅಧಿಕಾರಿಗೆ ಯಾರೂ ನೋಟೀಸು ಕೊಡಲಿಲ್ಲ. ಹುಡುಗಿಯೊಬ್ಬಳಿಗೆ ಸತ್ತ ಸೆಲ್ಲು ಎಂದು ಹೆಸರಿಟ್ಟ ನನಗೂ ಕೊಡಲಿಲ್ಲ. ಬರೆಯಲು ಬಾರದಿರುವುದು ಅಪರಾಧ, ಅವಮಾನ ಮಾಡುವುದು ಆಡಳಿತ.

ಪರೀಕ್ಷೆಗೆ ಮೂರು ತಿಂಗಳಿತ್ತು. ಹುಡುಗಿಗೆ ದಾರಿ ತೋರಿಸಿದವರನ್ನು ನಾನೇ ಊರು ಬಿಡಿಸಿದ್ದೆ. ಈಗ ಆ ಕೆಲಸ ನನ್ನದು. ಆತುರಕ್ಕೆ ಬಿದ್ದೆ. ತಖ್ತಿಯಿಂದ ಅವಳನ್ನು ನೇರ ಪ್ರಶ್ನೋತ್ತರಕ್ಕೆ ಎಳೆದೆ. ದಿನಕ್ಕೆ ಎರಡು ಪುಟ ಬರೆಸಿ ಒಂದೊಂದು ತಪ್ಪನ್ನೂ ಕೆಂಪು ಪೆನ್ನಿನಿಂದ ಸುತ್ತುಹಾಕಿದೆ. ಹತ್ತು ದಿನ ಸಹಿಸಿದಳು. ಹನ್ನೊಂದನೆಯ ದಿನ ಪೆನ್ಸಿಲ್ ಕೆಳಗಿಟ್ಟಳು.

‘ನಾ ಬರ್ಯಂಗಿಲ್ರಿ.’

‘ಯಾಕ ಬೇ?’

‘ಬರದ್ರೂ ಬೈತೀರಿ, ಬರೀದಿದ್ರೂ ಬೈತೀರಿ. ಬರೀದೇ ಬೈಸ್ಕೊಳ್ಳೂದು ಸೋವಿ ಬೀಳ್ತದ.’

ಆ ಭಾನುವಾರ ಅವಳ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಆಳಂದಕ್ಕೆ ಹೋಗಿ, ಅಲ್ಲಿಂದ ಹಿರೋಳ್ಳಿ ಬಸ್ಸು ಹಿಡಿದೆ. ಸಿದ್ರಾಮಪ್ಪನವರು ಬಾಡಿಗೆ ಕೋಣೆಯ ಮುಂದೆ ಜೋಳ ಆರಿಸುತ್ತ ಕುಳಿತಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ನೋಟ್‌ಬುಕ್ಕು ತೆರೆದು, ಕೆಂಪಾದ ಪುಟಗಳನ್ನು ಬಹಳ ಹೊತ್ತು ನೋಡಿದರು.

‘ಇದರಾಗ ಹುಡುಗಿ ಎಲ್ಲಿದ್ದಾಳ್ರಿ? ಬರೇ ನೀವೇ ಇದ್ದೀರಿ.’

ಅವರು ನೋಟ್‌ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟರು.

‘ದಿನಕ್ಕ ಒಂದೇ ತಪ್ಪು ತೋರಸ್ರಿ ಅಕ್ಕೋರ. ಹತ್ತು ತೋರಿಸಿದ್ರ ಹತ್ತೂ ಉಳೀತಾವ. ಒಂದು ತೋರಿಸಿದ್ರ ಅದೊಂದು ಹೋಗ್ತದ. ಮತ್ತ ಅಕಿ ಉತ್ತರ ಸಣ್ಣದು ಮಾಡ್ರಿ. ಬಾಯಾಗ ಒಂದು ಪುಟ ಇರ್ಲಿ, ಕಾಗದದ ಮ್ಯಾಲ ನಾಕು ಪದ ಬಂದ್ರ ಸಾಕು. ಆದ್ರ ಅವು ಬರೋಬ್ಬರಿ ನಾಕು ಪದ ಆಗಿರ್ಬೇಕು.’

ಹೊರಡುವಾಗ ನಾನು ಕ್ಷಮೆ ಕೇಳಿದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ವಾಕ್ಯ ಅರ್ಧಕ್ಕೇ ನಿಂತಿತು. ಅವರು ಕೈ ಅಲ್ಲಾಡಿಸಿದರು. ‘ನನ್ನ ಮಾತು ಬಿಡ್ರಿ. ನನ್ನ ನೌಕರಿ ಮುಗೀಲಿಕ್ಕ ಬಂದದ. ಆ ಹುಡುಗಿ ಮ್ಯಾಲ ಒಂದು ಹೆಸರು ಇಟ್ಟೀರಂತಲ್ಲ, ಅದನ್ನ ಅಳಸ್ರಿ ಮೊದಲ.’

ಸೋಮವಾರ ತರಗತಿಯಲ್ಲಿ ನಿಂತು, ಜಗದೇವಿಗೆ ನಾನು ಇಟ್ಟ ಹೆಸರು ತಪ್ಪು, ಹಾಗೆ ಕರೆದದ್ದು ನನ್ನ ತಪ್ಪು ಎಂದು ಎಲ್ಲರೆದುರು ಹೇಳಿದೆ. ಶಿಕ್ಷಕರು ತಪ್ಪು ಒಪ್ಪಿಕೊಳ್ಳುವುದನ್ನು ಮಕ್ಕಳು ಕಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಜಗದೇವಿಯೇ ಎದ್ದು ನನ್ನನ್ನು ಉಳಿಸಿದಳು: ‘ಇರ್ಲಿ ಬಿಡ್ರಿ ಅಕ್ಕೋರ. ಹೊಸಾ ಸೆಲ್ಲು ಹಾಕಾಕತ್ತೀವಲ್ರಿ ಈಗ.’ ಎಲ್ಲರೂ ನಕ್ಕರು, ಅವಳೂ.

ಆಮೇಲಿನ ಎಂಟು ವಾರ ಹೀಗೆ ನಡೆಯಿತು. ಹಾಳೆಯ ಮೇಲೆ ನಾನು ಅಡಿಪಟ್ಟಿಯಿಂದ ಮನೆಗಳನ್ನು ಹಾಕುತ್ತಿದ್ದೆ: ಅಕ್ಷರಕ್ಕೆ ದೊಡ್ಡ ಮನೆ, ಅದರ ಕೆಳಗೆ ಒತ್ತಿಗೆ ಸಣ್ಣ ಮನೆ. ಒಂದು ಪದ ಮುಗಿದರೆ ಒಂದು ಮನೆ ಖಾಲಿ. ಪೆನ್ಸಿಲ್ಲಿಗೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿದೆವು. ಅವಳು ಮೊದಲು ಉತ್ತರವನ್ನು ಪೂರ್ತಿ ಹೇಳುವಳು, ಅದರಲ್ಲಿ ಯಾವ ನಾಲ್ಕು ಪದ ಬಿಟ್ಟರೆ ಉತ್ತರವೇ ಸಾಯುತ್ತದೆ ಎಂದು ನಾನು ಕೇಳುವೆ, ಅವಳೇ ಆರಿಸುವಳು. ಚರಿತ್ರೆಯ ಒಂದು ಇಡೀ ಪಾಠವನ್ನು ಆರು ಪದಗಳಿಗೆ ಇಳಿಸಿದ ದಿನ ನಾನು ಬೆರಗಾದೆ, ಎಂ.ಎ. ತರಗತಿಯಲ್ಲಿ ನನಗೆ ಅದು ಬರುತ್ತಿರಲಿಲ್ಲ. ಕೆಂಪು ಪೆನ್ನನ್ನು ಮನೆಯಲ್ಲಿಟ್ಟು ಬರುತ್ತಿದ್ದೆ. ದಿನಕ್ಕೆ ಒಂದೇ ತಪ್ಪು. ಹಲ್ಲು ಕಚ್ಚಿ ಉಳಿದವನ್ನು ನುಂಗುತ್ತಿದ್ದೆ. ಬರೆಯುವ ಅವಳಿಗಿಂತ ನೋಡುವ ನನಗೇ ಅದು ಹೆಚ್ಚು ಕಷ್ಟವಾಗಿತ್ತು.

ತೊಂಬತ್ತರ ದಶಕದಲ್ಲಿ ನಾನೇ ತರಬೇತಿ ಕೊಡುವವಳಾದಾಗ ಇದನ್ನು ಅನೇಕ ಸಲ ಹೇಳಿದೆ. ಬಣ್ಣದ ಕಾರ್ಡುಗಳು ಬಂದಿದ್ದವು, ಹಾಡು ಕುಣಿತ ಬಂದಿದ್ದವು, ಮಕ್ಕಳಿಗೆ ಹೊಡೆಯಬಾರದು ಎಂಬ ಮಾತೂ ಬಂದಿತ್ತು. ಆದರೂ ಕೊನೆಗೆ ಯಾರಾದರೊಬ್ಬರು ಎದ್ದು, ‘ಮೇಡಂ, ಅರವತ್ತು ಮಕ್ಕಳಿರುವಲ್ಲಿ ಒಂದು ಮಗುವಿಗೆ ಮನೆ ಹಾಕುತ್ತ ಕೂರಲಾದೀತೇ?’ ಎಂದು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದು. ಅರವತ್ತು ಮಕ್ಕಳನ್ನು ಒಬ್ಬರ ಮುಂದೆ ಕೂಡಿಸಿದವರು ಅದಕ್ಕೆ ಉತ್ತರಿಸಬೇಕು, ನಾವು ಅದನ್ನು ಕೇಳುತ್ತಲೇ ಇರಬೇಕು. ಆದರೆ ಆ ಉತ್ತರ ಬರುವವರೆಗೆ ಆ ಒಂದು ಮಗುವನ್ನು ಸೋಮಾರಿ ಎಂದು ಕರೆಯದಿರಲು ನಮಗೆ ಯಾವ ಆದೇಶವೂ ಬೇಕಾಗಿಲ್ಲ.

ಪರೀಕ್ಷೆಗೆ ಮುನ್ನ ಜಗದೇವಿಗೆ ಅರ್ಧ ಗಂಟೆ ಹೆಚ್ಚು ಕೊಡಿ ಎಂದು ಅರ್ಜಿ ಹಾಕಿದ್ದೆ. ಕೈ ಮುರಿದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಆಗುವುದಿಲ್ಲ ಎಂದರು. ಕನ್ನಡ ಪತ್ರಿಕೆಯ ದಿನ ಅವಳು ಮೊಣಕೈವರೆಗೆ ಮಸಿ ಮಾಡಿಕೊಂಡು ಹೊರಗೆ ಬಂದಳು.

‘ಎಷ್ಟು ಬರದಿ?’

‘ಗೊತ್ತಿದ್ದದ್ದರಾಗ ಅರ್ಧಾ ಬರದೇನ್ರಿ. ಗಂಟಿ ಹೊಡೆದ್ರು.’

ಆ ಅರ್ಧವೇ ಅವಳನ್ನು ದಾಟಿಸಿತು. ಫಲಿತಾಂಶದಲ್ಲಿ ಎಲ್ಲ ವಿಷಯಗಳಲ್ಲೂ ಪಾಸು. ಕನ್ನಡದಲ್ಲಿ ಬೇಕಾದದ್ದಕ್ಕಿಂತ ಎರಡೇ ಅಂಕ ಹೆಚ್ಚು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡ ಓದುವ ಹುಡುಗಿಗೆ ಕನ್ನಡದಲ್ಲೇ ಎಲ್ಲಕ್ಕಿಂತ ಕಡಿಮೆ ಅಂಕ. ಭೀಮಶಾ ಪೇಢೆ ಹಂಚಿದ. ನನಗೆ ಮಾತ್ರ ಹಾಸ್ಟೆಲ್ಲಿನ ಚಿಂತೆ ಇತ್ತು, ಏಕೆಂದರೆ ಸೀಟುಗಳು ಕೆಲವೇ, ಅವಳ ಅಂಕಗಳು ಕೆಳಗಿನವು.

ಜೂನಿನಲ್ಲಿ ಭೀಮಶಾ, ಜಗದೇವಿ, ನಾನು ಮೂವರೂ ಅಫಜಲಪುರಕ್ಕೆ ಹೋದೆವು. ಅರ್ಜಿಯ ಕೊನೆಗೆ ಒಂದು ಖಾನೆ: ಹಾಸ್ಟೆಲ್ ಏಕೆ ಬೇಕು, ವಿದ್ಯಾರ್ಥಿನಿ ಸ್ವಂತ ಕೈಯಿಂದ ಬರೆಯಬೇಕು. ಜಗದೇವಿ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಎರಡು ಸಾಲು ಬರೆದಳು. ಸೀಟು ಕೊಡುವ ಅಧಿಕಾರಿ ನರೆತ ಮೀಸೆಯ ಮನುಷ್ಯ. ಅಂಕಪಟ್ಟಿ ನೋಡಿ ಮೂಗು ಮುರಿದರು. ಅರ್ಜಿಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ಮೇಜಿನ ಮೇಲೆ ಬಿಟ್ಟರು.

‘ಇದನ್ನ ಯಾರ್ ಓದಬೇಕು? ಇದು ಕನ್ನಡ ಅದೋ, ಹಳೇ ಮರಾಠಿ ದಫ್ತರದ ಮೋಡಿ ಲಿಪಿ ಅದೋ? ಇದಕ್ಕಿಂತ ಚಂದ ಬರದವ್ರು ಹೊರಗ ಸಾಲು ಹಚ್ಚ್ಯಾರ.’

ಭೀಮಶಾ ತಲೆ ತಗ್ಗಿಸಿದ. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದೆ; ನನ್ನ ಹಳೆಯ ಪ್ರಶ್ನೆ ಅಷ್ಟೂ ಬೆಂಕಿಯೊಂದಿಗೆ ಗಂಟಲಿಗೆ ಬಂದಿತ್ತು. ಜಗದೇವಿ ಹಿಂದಿನಿಂದ ನನ್ನ ಕೈ ಹಿಡಿದಳು.

‘ನೀವು ಸುಮ್ನಿರ್ರಿ ಅಕ್ಕೋರ.’ ಆಮೇಲೆ ಅಧಿಕಾರಿಯ ಕಡೆ ತಿರುಗಿ, ‘ಕಾಕಾ, ಇಕಡಿ ಕೊಡ್ರಿ ಅದನ್ನ. ಬರದಾಕಿ ನಾನು, ಓದಾಕಿನೂ ನಾನೇ.’

ಕಾಗದ ಹಿಡಿದು ಓದತೊಡಗಿದಳು. ‘ನಮ್ಮ ಊರಲ್ಲಿ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ನನಗೆ ಓದು ಮುಗಿದಿಲ್ಲ. ನಮ್ಮ ಅಪ್ಪನ ಅಂಗಡಿಯಲ್ಲಿ ನಾನು ದಿನವೂ ಪೇಪರ್ ಓದುತ್ತೇನೆ. ಅದರಲ್ಲಿ ಕೆಲವು ಮಾತುಗಳ ಅರ್ಥ ನನಗೆ ತಿಳಿಯುವುದಿಲ್ಲ. ಕೇಳುವವರಿಗೂ ತಿಳಿಯುವುದಿಲ್ಲ, ಆದರೆ ಅವರು ನನ್ನನ್ನು ಕೇಳುತ್ತಾರೆ. ತಿಳಿಯದ್ದನ್ನು ಓದಿ ಹೇಳುವುದು ಮೋಸ. ಅದಕ್ಕೆ ನನಗೆ ಹಾಸ್ಟೆಲ್ ಬೇಕು.’

ಕೋಣೆಯಲ್ಲಿದ್ದ ಗುಮಾಸ್ತರು ಕೆಲಸ ನಿಲ್ಲಿಸಿದ್ದರು. ಅಧಿಕಾರಿ ಕೈ ಚಾಚಿ ಕಾಗದವನ್ನು ಮತ್ತೆ ತೆಗೆದುಕೊಂಡು, ಬೆರಳಿಟ್ಟು ಎಣಿಸಿದರು.

‘ಏ ಹುಡುಗಿ, ಇಲ್ಲಿ ಇರೂದು ಎರಡು ಸಾಲು. ನೀ ಓದಿದ್ದು ಏಳೆಂಟು ಸಾಲು ಆತು. ಉಳಿದವು ಎಲ್ಲಿ ಅವ?’

ಜಗದೇವಿ ಹೆದರಲಿಲ್ಲ.

‘ಅವು ಇನ್ನ ಕೈತನಕಾ ಬಂದಿಲ್ರಿ ಕಾಕಾ. ಇಲ್ಲಿ ಇಟ್ಕೊಂಡ್ರ ಬರ್ತಾವ.’

ಅವರು ರಿಜಿಸ್ಟರನ್ನು ತಮ್ಮ ಮುಂದೆ ಎಳೆದುಕೊಂಡು, ಪೆನ್ನಿನ ಟೊಪ್ಪಿಗೆ ತೆಗೆದು, ‘ಹೆಸರು ಹೇಳು’ ಎಂದರು.

ನಾನು ಬಾಯಿ ಬಿಡಲಿಲ್ಲ. ಅವಳೇ ಹೇಳಿದಳು.